ಮನೆ ಅಡ ಇಟ್ಟು ಹಾಡು ಉಳಿಸಿಕೊಂಡ ಇಮೊಜನ್ ಹೀಪ್

ಇವತ್ತಿನ ಸಂಚಿಕೆ ಒಂದು ಹಾಡಿನಿಂದ ಶುರುವಾಗುತ್ತೆ, ಆದ್ರೆ ಆ ಹಾಡನ್ನ ನಾನು ಕೇಳಿಸಲ್ಲ. ಹತ್ತು ಸೆಕೆಂಡ್ ಕೂಡ ಇಲ್ಲ. ಅದಕ್ಕೆ ಪರವಾನಗಿ ಬೇಕು, ನನ್ನ ಹತ್ರ ಇಲ್ಲ. "ಹತ್ತು ಸೆಕೆಂಡ್ ಒಳಗಿದ್ರೆ ಫ್ರೀ ಕಣೋ" ಅಂತ ನಿಮ್ಮ ಫ್ರೆಂಡ್ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅಂಥ ಸೆಕೆಂಡಿನ ಲೆಕ್ಕ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಇಲ್ಲ. ಹಾಗಾಗಿ ಒಂದು ಕೆಲಸ ಮಾಡಿ. ನನ್ನನ್ನ ಇಲ್ಲೇ ಪಾಸ್ ಮಾಡಿ, ನಿಮ್ಮ ಮ್ಯೂಸಿಕ್ ಆ್ಯಪ್‌ಗೆ ಹೋಗಿ, ಇಮೊಜನ್ ಹೀಪ್ ಅಂತ ಹುಡುಕಿ. 'ಹೈಡ್ ಅಂಡ್ ಸೀಕ್' ಅನ್ನೋ ಹಾಡು. ಇಯರ್‌ಫೋನ್ ಹಾಕ್ಕೊಂಡು ಕೇಳಿ. ನಾಲ್ಕೂಕಾಲು ನಿಮಿಷ ಅಷ್ಟೇ. ಕೇಳಿ ವಾಪಸ್ ಬನ್ನಿ.

ಬಂದ್ರಾ? ಡ್ರಮ್ ಇತ್ತಾ? ಇಲ್ಲ. ಗಿಟಾರ್? ಇಲ್ಲ. ಬೇಸ್? ಅದೂ ಇಲ್ಲ. ಒಂದು ಹೆಣ್ಣಿನ ಧ್ವನಿ, ಅದೇ ಧ್ವನಿ ಏಳೆಂಟು ಪದರವಾಗಿ ಗಾಜಿನ ಹಾಗೆ ಒಡೆದು ಬರ್ತಾ ಇರುತ್ತೆ. ನಾನು ಮೊದಲ ಸಲ ಕೇಳಿದಾಗ ಇದು ಕಂಪ್ಯೂಟರ್‌ನಲ್ಲಿ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅಂದ್ಕೊಂಡಿದ್ದೆ. ಆದದ್ದು ಉಲ್ಟಾ. ಅವತ್ತು ಅವರ ಕಂಪ್ಯೂಟರ್ ಕೆಟ್ಟು ಹೋಗಿತ್ತು. ಸ್ಟುಡಿಯೋದಲ್ಲಿ ಹಾರ್ಮನೈಸರ್ ಅನ್ನೋ ಒಂದು ಯಂತ್ರ ಬಿದ್ದಿತ್ತು. ಕೀಬೋರ್ಡ್ ಮೇಲೆ ಯಾವ ಸ್ವರಗಳನ್ನ ಒತ್ತುತ್ತೀರೋ, ಮೈಕಿನಲ್ಲಿ ಹಾಡಿದ ನಿಮ್ಮ ಧ್ವನಿಯನ್ನ ಆ ಎಲ್ಲ ಸ್ವರಗಳಲ್ಲಿ ಒಟ್ಟಿಗೆ ಹಾಡಿಸೋ ಯಂತ್ರ ಅದು. ನಮ್ಮ ಕಡೆ ಹಾರ್ಮೋನಿಯಂ ಮೇಲೆ ಕೈ ಇಟ್ಟು ಹಾಡ್ತಾರಲ್ಲ, ಹಾಗೇ ಕೂತ್ಕೊಂಡು, ಆದ್ರೆ ಹಾರ್ಮೋನಿಯಂ ಒಳಗಿಂದ ಗಾಳಿ ಬದಲು ನಿಮ್ಮದೇ ಗಂಟಲು ಬಂದ ಹಾಗೆ. ಅದನ್ನ ಮಿನಿಡಿಸ್ಕ್‌ಗೆ ಚುಚ್ಚಿ, ಸಂಜೆ ಬರಿಗೈಯಲ್ಲಿ ಮನೆಗೆ ಹೋಗೋದು ಬೇಡ ಅಂತ ಅವರು ಹಾಡ್ತಾ ಹೋದ್ರು. ಅಲ್ಲೇ ಈ ಹಾಡು ಹುಟ್ಟಿದ್ದು.

ನನಗೆ ಸಂಗೀತ ಶಾಸ್ತ್ರ ಗೊತ್ತಿಲ್ಲ. ನಾನು ದಾವಣಗೆರೆಯ ಬಿ.ಕಾಂ. ಗಿರಾಕಿ. ನನ್ನನ್ನ ಹಿಡಿದು ನಿಲ್ಲಿಸಿದ್ದು ಹಾಡಿಗಿಂತ ಹೆಚ್ಚಾಗಿ ಹಾಡಿನ ಹಿಂದಿನ ಲೆಕ್ಕ. ಈ ಹಾಡಿರೋ ಆಲ್ಬಂ ಮಾಡೋಕೆ ಇಮೊಜನ್ ಹೀಪ್ ತಾನಿದ್ದ ಫ್ಲ್ಯಾಟನ್ನ ಅಡ ಇಟ್ಟು ಸಾಲ ತೆಗೆದ್ರು. ಆಗ ಅವರಿಗೆ 26 ವರ್ಷ. ನನ್ನ ಮನೆಯಲ್ಲಿ ನಾನು ಈ ಮಾತು ಎತ್ತಿದ್ರೆ ಅಪ್ಪ ಊಟ ಬಿಟ್ಟು ಎದ್ದು ಹೋಗ್ತಾರೆ. ಸರಿ, 26ನೇ ವಯಸ್ಸಿಗೆ ಒಬ್ಬಳು ಹುಡುಗಿ ಅಂಥ ನಿರ್ಧಾರಕ್ಕೆ ಯಾಕೆ ಬಂದ್ಳು?

ಸ್ವಲ್ಪ ಹಿಂದೆ ಹೋಗೋಣ. ಇಮೊಜನ್ ಹೀಪ್ ಹುಟ್ಟಿದ್ದು 1977ರ ಡಿಸೆಂಬರ್ 9ರಂದು, ಲಂಡನ್ನಿನ ಪೂರ್ವದ ಅಂಚಿನಲ್ಲಿ, ಎಸೆಕ್ಸ್ ಕಡೆ. ಚಿಕ್ಕಂದಿನಲ್ಲೇ ಪಿಯಾನೋ, ಚೆಲ್ಲೋ, ಕ್ಲಾರಿನೆಟ್. ಬೋರ್ಡಿಂಗ್ ಶಾಲೆಯಲ್ಲಿ ಒಂದು ಅಟಾರಿ ಕಂಪ್ಯೂಟರ್ ಕೈಗೆ ಸಿಕ್ತು. ಧ್ವನಿಯನ್ನ ಹಿಡಿದು, ಕತ್ತರಿಸಿ, ಜೋಡಿಸೋದನ್ನ ಅದರ ಮೇಲೆ ತಾನೇ ಕಲಿತಳು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ. ಆಮೇಲೆ ಕ್ರಾಯ್ಡನ್‌ನ ಬ್ರಿಟ್ ಸ್ಕೂಲ್. ಅಡೆಲ್, ಏಮಿ ವೈನ್‌ಹೌಸ್ ಓದಿದ ಅದೇ ಶಾಲೆ, ಆದ್ರೆ ಅವರಿಗಿಂತ ಮುಂಚೆ. 1996ರಲ್ಲಿ ಹೈಡ್ ಪಾರ್ಕಿನ ದೊಡ್ಡ ಕಛೇರಿಯೊಂದರಲ್ಲಿ, ದ ಹೂ ಮತ್ತು ಎರಿಕ್ ಕ್ಲ್ಯಾಪ್ಟನ್ ಹಾಡಿದ ಅದೇ ವೇದಿಕೆ ಮೇಲೆ ಈ ಹುಡುಗಿಯೂ ಹಾಡಿದಳು.

ಇಪ್ಪತ್ತು ತುಂಬೋ ಮೊದಲೇ ರೆಕಾರ್ಡ್ ಕಂಪನಿ ಬಂತು. ಹೆಸರು ಆಲ್ಮೋ ಸೌಂಡ್ಸ್. ಸಣ್ಣವರೇನಲ್ಲ. ಹರ್ಬ್ ಆಲ್ಪರ್ಟ್, ಜೆರಿ ಮಾಸ್ ಅನ್ನೋ ಇಬ್ಬರು 1962ರಲ್ಲಿ ಎ ಅಂಡ್ ಎಂ ಅನ್ನೋ ಲೇಬಲ್ ಕಟ್ಟಿ, 1989ರಲ್ಲಿ ಪಾಲಿಗ್ರಾಂಗೆ ಮಾರಿ, ಆಮೇಲೆ 1994ರಲ್ಲಿ ಶುರು ಮಾಡಿದ ಹೊಸ ಅಂಗಡಿ. 1998ರಲ್ಲಿ ಇಮೊಜನ್ ಅವರ ಮೊದಲ ಆಲ್ಬಂ ಬಂತು, 'ಐ ಮೆಗಾಫೋನ್'. ಇಂಗ್ಲಿಷ್‌ನಲ್ಲಿ ಬರೆದು ನೋಡಿ, ಅದು ಅವರ ಹೆಸರಿನ ಅಕ್ಷರಗಳನ್ನೇ ಅದಲು ಬದಲು ಮಾಡಿದ್ದು. ಸಿಟ್ಟಿನ, ರಾಕ್ ಶೈಲಿಯ ಆಲ್ಬಂ. ಕೇಳಿದವರು ಮೆಚ್ಚಿದ್ರು, ಆದ್ರೆ ಕೇಳಿದವರೇ ಕಮ್ಮಿ.

ಎರಡನೇ ಆಲ್ಬಂಗೆ ಹಾಡು ಬರೀತಾ ಇದ್ದಾಗ ಕಂಪನಿ ಮುಚ್ಚಿತು. ಆಲ್ಮೋ ದೊಡ್ಡ ಸಮೂಹದ ಹೊಟ್ಟೆಗೆ ಸೇರಿತು, ಇಮೊಜನ್ ಕೈಯಲ್ಲಿ ಕಾಂಟ್ರಾಕ್ಟ್ ಉಳಿಲಿಲ್ಲ. ಯಾರದೋ ಬೋರ್ಡ್ ರೂಮಿನಲ್ಲಿ ಯಾರೋ ಸಹಿ ಹಾಕ್ತಾರೆ, ಇಲ್ಲಿ 22 ವರ್ಷದ ಹುಡುಗಿ ಬೀದಿಗೆ. ಕಾಮರ್ಸ್ ಪುಸ್ತಕದಲ್ಲಿ ನಾವು ಅಮಾಲ್ಗಮೇಶನ್, ಅಬ್ಸಾರ್ಪ್ಶನ್ ಅಂತ ಹತ್ತು ಮಾರ್ಕ್ಸ್‌ಗೆ ಓದಿದ್ವಲ್ಲ, ಅದರ ಜರ್ನಲ್ ಎಂಟ್ರಿಯಲ್ಲಿ ಈ ಹುಡುಗಿಗೆ ಕಾಲಂ ಇಲ್ಲ.

ಆಮೇಲೆ ಗೈ ಸಿಗ್ಸ್‌ವರ್ತ್ ಜೊತೆ ಫ್ರೂ ಫ್ರೂ ಅನ್ನೋ ಜೋಡಿ ಕಟ್ಟಿದ್ರು. 2002ರಲ್ಲಿ 'ಡೀಟೇಲ್ಸ್' ಅನ್ನೋ ಒಂದೇ ಒಂದು ಆಲ್ಬಂ. ಈ ಸಲ ನಿಜಕ್ಕೂ ದೊಡ್ಡ ಲೇಬಲ್. ಮಾರಾಟ ಆಗಲಿಲ್ಲ. ಜೋಡಿ ಬೇರೆ ಆಯ್ತು. ಮಜಾ ಏನಂದ್ರೆ, ಬೇರೆ ಆದ ಮೇಲೆ 2004ರಲ್ಲಿ 'ಗಾರ್ಡನ್ ಸ್ಟೇಟ್' ಅನ್ನೋ ಸಿನಿಮಾ ಬಂತು, ಅದರಲ್ಲಿ ಫ್ರೂ ಫ್ರೂ ಹಾಡು 'ಲೆಟ್ ಗೋ' ಇತ್ತು. ಆ ಸಿನಿಮಾದ ಹಾಡುಗಳ ಸಂಕಲನಕ್ಕೆ ಗ್ರ್ಯಾಮಿ ಬಂತು. ಜನ "ಯಾರಿದು ಫ್ರೂ ಫ್ರೂ?" ಅಂತ ಕೇಳೋ ಹೊತ್ತಿಗೆ ಫ್ರೂ ಫ್ರೂ ಅನ್ನೋದೇ ಇರಲಿಲ್ಲ.

ಅಲ್ಲಿಗೆ ಎರಡು ಪೆಟ್ಟಾಯ್ತು. ಮೂರನೇದಕ್ಕೆ ಇನ್ನೊಂದು ಕಂಪನಿ ಬಾಗಿಲು ತಟ್ಟಬಹುದಿತ್ತು. 2003ರ ಕೊನೆಯಲ್ಲಿ ಅವರು ಬೇರೆ ಲೆಕ್ಕ ಹಾಕಿದ್ರು. ಫ್ಲ್ಯಾಟ್ ಮೇಲೆ ಸಾಲ. ಒಂದು ವರ್ಷದ ಗಡುವು, ಮುಂದಿನ ಹುಟ್ಟುಹಬ್ಬದ ಹೊತ್ತಿಗೆ ಆಲ್ಬಂ ಮುಗಿಸಬೇಕು. ಹಾಡು ಬರೆಯೋದು, ಹಾಡೋದು, ರೆಕಾರ್ಡ್ ಮಾಡೋದು, ಪ್ರೊಡ್ಯೂಸ್ ಮಾಡೋದು, ಮಿಕ್ಸ್ ಮಾಡೋದು ಎಲ್ಲ ತಾನೇ. ಶಾಲೆಯ ಅಟಾರಿಯಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು, ಯಾಕಂದ್ರೆ ಎಂಜಿನಿಯರ್‌ಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ ನೀನೇ ಎಂಜಿನಿಯರ್ ಆಗಬೇಕು. ನಡುನಡುವೆ ತನ್ನ ವೆಬ್‌ಸೈಟಿನಲ್ಲಿ ಕೆಲಸ ಎಲ್ಲಿಗೆ ಬಂತು ಅಂತ ಅಭಿಮಾನಿಗಳಿಗೆ ಬರೀತಾ ಇದ್ರು. ಇನ್‌ಸ್ಟಾಗ್ರಾಂ ಇಲ್ಲದ ಕಾಲ ಅದು, ಯೂಟ್ಯೂಬ್ ಕೂಡ ಇರಲಿಲ್ಲ.

2005ರಲ್ಲಿ 'ಸ್ಪೀಕ್ ಫಾರ್ ಯುವರ್‌ಸೆಲ್ಫ್' ಬಂತು. ಲೇಬಲ್ ಹೆಸರು ಮೆಗಾಫೋನಿಕ್ ರೆಕಾರ್ಡ್ಸ್. ಅವರದ್ದೇ ಲೇಬಲ್.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಒಂದು ರೆಕಾರ್ಡ್ ಆದ ಹಾಡಿನಲ್ಲಿ ಎರಡು ಆಸ್ತಿ ಇರುತ್ತೆ. ಒಂದು ರಚನೆ, ಅಂದ್ರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ಧ್ವನಿಮುದ್ರಣ, ಅದಕ್ಕೆ ಮಾಸ್ಟರ್ ಅಂತಾರೆ. ನಮ್ಮ ಸಿನಿಮಾದವರು ನೆಗೆಟಿವ್ ರೈಟ್ಸ್ ಅಂತಾರಲ್ಲ, ಸುಮಾರು ಆ ಥರ. ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಭಾವಗೀತೆ ಕ್ಯಾಸೆಟ್ ಇದ್ರೆ ಹಿಂಬದಿ ಓದಿ ನೋಡಿ. ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು. ಕ್ಯಾಸೆಟ್ಟಿನ ಒಡೆತನ ಸಾಮಾನ್ಯವಾಗಿ ಇವರಲ್ಲಿ ಯಾರದ್ದೂ ಅಲ್ಲ, ಕಂಪನಿಯದ್ದು. ಪಾಪ್ ಸಂಗೀತದಲ್ಲೂ ರೂಢಿ ಅದೇ. ಕಂಪನಿ ಮುಂಗಡ ಕೊಡುತ್ತೆ, ಸ್ಟುಡಿಯೋ ಖರ್ಚು ನೋಡುತ್ತೆ, ಪ್ರತಿಯಾಗಿ ಮಾಸ್ಟರ್ ತಗೊಳ್ಳುತ್ತೆ. ತಮಾಷೆ ಅಂದ್ರೆ ಆ ಮುಂಗಡವನ್ನ ಕಲಾವಿದರ ರಾಯಲ್ಟಿಯಿಂದಲೇ ಕಡಿದುಕೊಳ್ಳುತ್ತೆ. ಅಂದ್ರೆ ಮನೆ ಕಟ್ಟೋಕೆ ಸಾಲ ಕೊಟ್ಟರು, ಸಾಲ ನೀವೇ ತೀರಿಸಿದ್ರಿ, ತೀರಿದ ಮೇಲೂ ಮನೆ ಅವರದ್ದೇ.

ಇಮೊಜನ್ ಮಾಡಿದ್ದು ಬರೀ ಸಾಲಗಾರನನ್ನ ಬದಲಾಯಿಸೋ ಕೆಲಸ. ರೆಕಾರ್ಡ್ ಕಂಪನಿ ಬದಲು ಮನೆ ಸಾಲದ ಬ್ಯಾಂಕ್. ಬ್ಯಾಂಕಿಗೆ ಬಡ್ಡಿ ಕಟ್ಟಿದ್ರೆ ಸಾಕು, ಅದು ನಿಮ್ಮ ಹಾಡು ಕೇಳಲ್ಲ. ಆಮೇಲೆ ದೊಡ್ಡ ಕಂಪನಿಗಳ ಜೊತೆಗೂ ವ್ಯವಹಾರ ಮಾಡಿದ್ರು, ಅಮೆರಿಕದಲ್ಲಿ ಆರ್‌ಸಿಎ ವಿಕ್ಟರ್ ಮೂಲಕ ಆಲ್ಬಂ ಬಂತು. ಆದ್ರೆ ಮುಗಿದ ಆಲ್ಬಂ ಕೈಯಲ್ಲಿಟ್ಕೊಂಡು ಲೈಸೆನ್ಸ್ ಮಾತಾಡೋದು ಬೇರೆ, ಖಾಲಿ ಕೈಯಲ್ಲಿ ಮುಂಗಡ ಕೇಳೋದು ಬೇರೆ. ಬಾಡಿಗೆಗೆ ಕೊಡೋದಕ್ಕೂ ಕ್ರಯಪತ್ರ ಬರೆದು ಕೊಡೋದಕ್ಕೂ ಇರೋ ವ್ಯತ್ಯಾಸ.

ಇನ್ನು 'ಹೈಡ್ ಅಂಡ್ ಸೀಕ್' ಕಥೆ. 2005ರ ಮೇ ತಿಂಗಳಲ್ಲಿ 'ದಿ ಓ.ಸಿ.' ಅನ್ನೋ ಅಮೆರಿಕನ್ ಧಾರಾವಾಹಿಯ ಎರಡನೇ ಸೀಸನ್ನಿನ ಕೊನೆಯ ಕಂತಿನಲ್ಲಿ, ಒಬ್ಬಳು ಹುಡುಗಿ ಬಂದೂಕು ಹಾರಿಸೋ ದೃಶ್ಯಕ್ಕೆ ಈ ಹಾಡು ಹಾಕಿದ್ರು. ಆಲ್ಬಂ ಇನ್ನೂ ಬಿಡುಗಡೆಯೂ ಆಗಿರಲಿಲ್ಲ. ಒಂದು ರಾತ್ರಿಯಲ್ಲಿ ಹೈಸ್ಕೂಲ್ ಹುಡುಗರೆಲ್ಲ ಈ ಹಾಡು ಹುಡುಕೋಕೆ ಶುರು ಮಾಡಿದ್ರು. 2007ರಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಅದೇ ದೃಶ್ಯವನ್ನ ಅಣಕಿಸಿ ಸ್ಕಿಟ್ ಮಾಡಿತು. ಒಬ್ಬರಾದ ಮೇಲೆ ಒಬ್ಬರು ಗುಂಡು ಹಾರಿಸ್ತಾರೆ, ಪ್ರತಿ ಸಲ ಹಾಡು ಮೊದಲಿಂದ ಶುರುವಾಗುತ್ತೆ. ಮೀಮ್ ಅನ್ನೋ ಪದ ನಮ್ಮ ಮನೆಮಾತಾಗೋ ಮುಂಚಿನ ಮೀಮ್ ಅದು.

ಅದೇ 2007ರಲ್ಲಿ ಗ್ರ್ಯಾಮಿಯವರು ಇವರನ್ನ ಒಂದು ವಿಭಾಗಕ್ಕೆ ನಾಮನಿರ್ದೇಶನ ಮಾಡಿದ್ರು. ಯಾವ ವಿಭಾಗ ಗೊತ್ತಾ? ಅತ್ಯುತ್ತಮ ಹೊಸ ಕಲಾವಿದೆ. ಮೊದಲ ಆಲ್ಬಂ ಬಂದು ಒಂಬತ್ತು ವರ್ಷ ಆಗಿತ್ತು! ಸಿಕ್ಕಿದ್ದು ಕ್ಯಾರಿ ಅಂಡರ್‌ವುಡ್‌ಗೆ ಬಿಡಿ.

2009. ಫ್ಲೋರಿಡಾದ ಜೇಸನ್ ಡೆರುಲೊ ಅನ್ನೋ ಹೊಸ ಹುಡುಗ ತನ್ನ ಮೊದಲ ಸಿಂಗಲ್ 'ವಾಚಾ ಸೇ' ಬಿಟ್ಟ. ಅದರ ಪಲ್ಲವಿ ಪೂರ್ತಿ 'ಹೈಡ್ ಅಂಡ್ ಸೀಕ್'ನ ತುಂಡು, ಇಮೊಜನ್ ಅವರ ಧ್ವನಿಯೇ. ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಇಮೊಜನ್ ಅವರ ಸ್ವಂತ ಹಾಡು ಯಾವತ್ತೂ ಹತ್ತದ ಮೆಟ್ಟಿಲು. ಸ್ಯಾಂಪಲ್ ಮಾಡಬೇಕಾದ್ರೆ ನಾನು ಆಗ ಹೇಳಿದ ಎರಡೂ ಆಸ್ತಿಗಳಿಗೆ ಒಪ್ಪಿಗೆ ಬೇಕು, ರಚನೆಗೂ ಮಾಸ್ಟರ್‌ಗೂ. ಮಾಸ್ಟರ್ ಮಾರಿಕೊಂಡ ಗಾಯಕಿಗೆ ಇಂಥ ಹೊತ್ತಿನಲ್ಲಿ ರಚನೆಯ ಪಾಲು ಬರುತ್ತೆ, ತನ್ನದೇ ಗಂಟಲಿನ ಬಾಡಿಗೆಯ ದೊಡ್ಡ ಪಾಲು ಕಂಪನಿಗೆ ಹೋಗುತ್ತೆ. ಇಮೊಜನ್ ಎರಡೂ ಮೇಜಿನ ಮುಂದೆ ತಾನೇ ಕೂತಿದ್ದರು. ಕಂಪ್ಯೂಟರ್ ಕೆಟ್ಟ ಒಂದು ಸಂಜೆ ಮಿನಿಡಿಸ್ಕಿನಲ್ಲಿ ಹಿಡಿದ ಧ್ವನಿ ನೋಡಿ ಅದು.

ಇದನ್ನ ಕೇಳಿ ನಾಳೆ ಬೆಳಗ್ಗೆ ಮನೆಪತ್ರ ಹಿಡ್ಕೊಂಡು ಬ್ಯಾಂಕಿಗೆ ಹೋಗಬೇಡಿ, ದಯವಿಟ್ಟು. ಅಡ ಇಟ್ಟು ಗೆದ್ದವರ ಪಾಡ್‌ಕಾಸ್ಟ್ ಬರುತ್ತೆ, ಅಡ ಇಟ್ಟು ಮುಳುಗಿದವರದ್ದು ಬರಲ್ಲ, ಬ್ಯಾಂಕಿನ ನೋಟಿಸ್ ಬರುತ್ತೆ. ಆ ಧಾರಾವಾಹಿಯವರು ಬೇರೆ ಹಾಡು ಆರಿಸಿದ್ದರೆ? ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸೋದು ಸಾಲದ ಧೈರ್ಯ ಅಲ್ಲ. ಅದೃಷ್ಟ ಬಾಗಿಲಿಗೆ ಬಂದಾಗ ಮನೆ ಯಾರ ಹೆಸರಿನಲ್ಲಿತ್ತು ಅನ್ನೋದು.

ಮುಂದಿನ ಆಲ್ಬಂ 'ಎಲಿಪ್ಸ್', 2009ರದ್ದು. ತಾನು ಹುಟ್ಟಿ ಬೆಳೆದ ಮನೆಯನ್ನ ಕುಟುಂಬದವರಿಂದಲೇ ಕೊಂಡು, ಕೆಳಮಹಡಿಯಲ್ಲಿ ಸ್ಟುಡಿಯೋ ಮಾಡಿಕೊಂಡ್ರು. ಆ ಮನೆ 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು, ಮೊಟ್ಟೆಯಾಕಾರದ್ದು, ಆಲ್ಬಂ ಹೆಸರು ಅಲ್ಲಿಂದಲೇ. ಆಲ್ಬಂ ತಯಾರಾಗೋದನ್ನ ವಿಡಿಯೋ ಮಾಡಿ ಹಾಕ್ತಾ ಹೋದ್ರು. ನೀರಿನ ನಲ್ಲಿ, ಮೆಟ್ಟಿಲ ಕೀರಲು ಸದ್ದು ಎಲ್ಲ ಹಾಡಿನೊಳಗೆ. ಬಿಡುಗಡೆಗೆ ಮುಂಚೆ ಯಾರೋ ಒಂದು ಪ್ರಚಾರದ ಸಿ.ಡಿ.ಯನ್ನ ಇಬೇಯಲ್ಲಿ ಹರಾಜಿಗಿಟ್ಟಾಗ, ಅಭಿಮಾನಿಗಳೇ ಸುಳ್ಳು ಬಿಡ್ ಹಾಕಿ ಬೆಲೆಯನ್ನ ಆಕಾಶಕ್ಕೆ ಏರಿಸಿ ಹರಾಜು ಕೆಡಿಸಿಬಿಟ್ರು. 2010ರ ಜನವರಿಯಲ್ಲಿ ಈ ಆಲ್ಬಂಗೆ ಗ್ರ್ಯಾಮಿ ಬಂತು. ಗಾಯನಕ್ಕಲ್ಲ, ಧ್ವನಿಮುದ್ರಣ ತಾಂತ್ರಿಕತೆಗೆ. ಆ ವಿಭಾಗದಲ್ಲಿ ಒಬ್ಬಳೇ ಎಂಜಿನಿಯರ್ ಆಗಿ ಗೆದ್ದ ಮೊದಲ ಮಹಿಳೆ ಅವರು. ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟದ ಪ್ರಶಸ್ತಿ ಇದೇ. ದುಡ್ಡಿಲ್ಲದೆ ಕಲಿತ ಕೆಲಸಕ್ಕೆ ಸಿಕ್ಕಿದ್ದು.

ನಮ್ಮ ದೇಶಕ್ಕೂ ಬಂದಿದ್ರು. 2011ರಲ್ಲಿ 'ದ ಡ್ಯುವಾರಿಸ್ಟ್ಸ್' ಅನ್ನೋ ಟಿವಿ ಸರಣಿಗೆ ರಾಜಸ್ಥಾನದಲ್ಲಿ ವಿಶಾಲ್–ಶೇಖರ್ ಜೊತೆ ಕೂತು 'ಮೈಂಡ್ಸ್ ವಿದೌಟ್ ಫಿಯರ್' ಮಾಡಿದ್ರು, ಟ್ಯಾಗೋರ್ ಕವಿತೆಯ ಮೇಲೆ. ಅದೇ ವಿಶಾಲ್–ಶೇಖರ್ ತಮ್ಮ ಲೇಬಲ್‌ನಿಂದ 2008ರಲ್ಲಿ ನಮ್ಮ ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹೊರತಂದವರು ಅನ್ನೋದನ್ನ ಸುಮ್ಮನೆ ನೆನಪಿಸ್ತೀನಿ. ಆ ಕಥೆ ಇನ್ನೊಂದು ದಿನಕ್ಕೆ.

ಆಮೇಲಿನ ವರ್ಷಗಳು ಸ್ವಲ್ಪ ಚೆಲ್ಲಾಪಿಲ್ಲಿ. ಕೈಸನ್ನೆಯಿಂದಲೇ ಧ್ವನಿ ನುಡಿಸೋ ಮಿ.ಮು ಕೈಗವಸು ಮಾಡಿದ್ರು. 2014ರಲ್ಲಿ 'ಸ್ಪಾರ್ಕ್ಸ್' ಆಲ್ಬಂ. ಅದೇ ವರ್ಷ ಟೇಲರ್ ಸ್ವಿಫ್ಟ್ ಅವರ '1989' ಆಲ್ಬಂನ 'ಕ್ಲೀನ್' ಹಾಡಿಗೆ ಜೊತೆಗಾರ್ತಿ. ಆ ಟೇಲರ್ ಸ್ವಿಫ್ಟ್ ಐದು ವರ್ಷ ಆದ ಮೇಲೆ ತನ್ನ ಮೊದಲ ಆರು ಆಲ್ಬಂಗಳ ಮಾಸ್ಟರ್ ಬೇರೆಯವರ ಪಾಲಾದಾಗ ಏನೇನು ಮಾಡಿದ್ರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಳೇ ಹಾಡುಗಳನ್ನೇ ಮತ್ತೆ ಹಾಡಿ, ಮತ್ತೆ ರೆಕಾರ್ಡ್ ಮಾಡೋಕೆ ಕೂತ್ರು. ಜಗತ್ತಿನ ಅತಿ ದೊಡ್ಡ ಪಾಪ್ ತಾರೆಗೆ ಇದು ತಲೆನೋವಾಗಿದ್ದು 2019ರಲ್ಲಿ. ಎಸೆಕ್ಸ್‌ನ ಹುಡುಗಿ ಅದನ್ನ 2003ರಲ್ಲೇ ಕೂಡಿಸಿ ಕಳೆದು ನೋಡಿದ್ದಳು.

2015ರಲ್ಲಿ ಅವರು ಇನ್ನೊಂದು ಪ್ರಯೋಗ ಮಾಡಿದ್ರು, ಅದು ಸೋತಿತು. 'ಟೈನಿ ಹ್ಯೂಮನ್' ಅನ್ನೋ ಹಾಡನ್ನ ಎಥೀರಿಯಂ ಬ್ಲಾಕ್‌ಚೈನ್ ಮೇಲೆ ಬಿಟ್ರು. ನೀವು ಹಾಡು ಕೊಂಡ ಕ್ಷಣವೇ ದುಡ್ಡು ತಾನಾಗಿ ಭಾಗವಾಗಿ, ಹಾಡಿದವರಿಗೆ ಇಷ್ಟು, ನುಡಿಸಿದವರಿಗೆ ಇಷ್ಟು ಅಂತ ನೇರ ಹೋಗಬೇಕು, ನಡುವೆ ಯಾರೂ ಬೇಡ. ಲೆಕ್ಕದ ಪುಸ್ತಕ ಎಲ್ಲರ ಕಣ್ಣೆದುರು ತೆರೆದಿಡೋ ಕಲ್ಪನೆ. ನಾನು ಕೇಳಿದಾಗ ಕುಣಿದುಬಿಟ್ಟಿದ್ದೆ. ಆದ್ರೆ ಹಾಡು ಕೊಳ್ಳೋಕೆ ಮೊದಲು ಕ್ರಿಪ್ಟೊ ವ್ಯಾಲೆಟ್ ಮಾಡಿಕೊಳ್ಳಬೇಕಿತ್ತು. ಒಂದು ಹಾಡಿಗೋಸ್ಕರ ಯಾರು ಅಷ್ಟೆಲ್ಲ ಮಾಡ್ತಾರೆ? ಬಂದ ಹಣ ಸುಮಾರು 133 ಡಾಲರ್ ಅಂತ ವರದಿಯಾಯ್ತು. ಕೋಟಿಗಟ್ಟಲೆ ಜನ ಕೇಳಿದ ಗಾಯಕಿಗೆ 133 ಡಾಲರ್! ಜನರಿಗೆ ಹಾಡು ಬೇಕಿತ್ತು, ಲೆಡ್ಜರ್ ಬೇಕಿರಲಿಲ್ಲ. ಆದ್ರೂ ಅವರು ಬಿಡಲಿಲ್ಲ. ಮೈಸೀಲಿಯ ಅನ್ನೋ ಹೆಸರಿನಲ್ಲಿ, ಅಂದ್ರೆ ಅಣಬೆಗಳು ಮಣ್ಣಿನಡಿ ಹಬ್ಬಿಸೋ ಎಳೆಗಳ ಹೆಸರಿನಲ್ಲಿ, ಕಲಾವಿದರ ಮಾಹಿತಿ ಕಲಾವಿದರ ಕೈಯಲ್ಲೇ ಇರಬೇಕು ಅನ್ನೋ ಕೆಲಸ ಮುಂದುವರಿಸಿದ್ರು.

ಇನ್ನು ತೀರಾ ಇತ್ತೀಚಿನದ್ದು. 'ಸ್ಪೀಕ್ ಫಾರ್ ಯುವರ್‌ಸೆಲ್ಫ್' ಆಲ್ಬಂನ ಮೊದಲ ಹಾಡು 'ಹೆಡ್‌ಲಾಕ್'. 2005ರಲ್ಲಿ ಅದನ್ನ ಯಾರೂ ದೊಡ್ಡದಾಗಿ ಎತ್ತಿಕೊಂಡಿರಲಿಲ್ಲ. 2024ರ ಕೊನೆಯಲ್ಲಿ ಟಿಕ್‌ಟಾಕ್‌ನಲ್ಲಿ ಹತ್ತಿಕೊಂಡಿತು. ನಮ್ಮಲ್ಲಿ 2020ರಿಂದ ಟಿಕ್‌ಟಾಕ್ ಇಲ್ಲ, ಹಾಗಾಗಿ ನನಗೆ ಸಿಕ್ಕಿದ್ದು ರೀಲ್ಸ್‌ನಲ್ಲಿ. 2025ರ ಶುರುವಿನಲ್ಲಿ ಆ ಹಾಡು ಅಮೆರಿಕದ ಹಾಟ್ 100 ಒಳಗೆ ಬಂತು. ತನ್ನದೇ ಹೆಸರಿನ, ತನ್ನದೇ ಹಾಡಿನ ಮೂಲಕ ಅವರು ಆ ಪಟ್ಟಿ ಸೇರಿದ್ದು ಅದೇ ಮೊದಲು. ಇಪ್ಪತ್ತು ವರ್ಷದ ಹಾಡು! ಅದನ್ನ ಲೂಪ್‌ನಲ್ಲಿ ಹಾಕ್ಕೊಂಡು ಕುಣಿದ ಹುಡುಗರಲ್ಲಿ ಅರ್ಧ ಜನ ಆ ಹಾಡಿಗಿಂತ ಚಿಕ್ಕವರು. ಅಡ ಇಟ್ಟ ಫ್ಲ್ಯಾಟಿನ ಸಾಲ ಯಾವತ್ತೋ ತೀರಿರುತ್ತೆ, ಅಡ ಇಟ್ಟು ತಂದದ್ದು ಇನ್ನೂ ದುಡೀತಾ ಇದೆ.

ಈಗ, ಇದೆಲ್ಲ ನನಗ್ಯಾಕೆ ಅಂತ ಹೇಳಬೇಕು.

ನಾನು ಪಾಡ್‌ಕಾಸ್ಟ್ ಶುರು ಮಾಡಿದ್ದು ಬೆಂಗಳೂರಿನ ಒಂದು ಪಿ.ಜಿ. ರೂಮಿನಲ್ಲಿ. ಫ್ಯಾನ್ ಆಫ್, ತಲೆ ಮೇಲೆ ರಗ್ಗು, ರಗ್ಗಿನೊಳಗೆ ನಾನು, ಫೋನು, ಬೆವರು. ಕೆಲವು ತಿಂಗಳಾದ ಮೇಲೆ ಒಂದು ಆಡಿಯೋ ಆ್ಯಪ್‌ನವರು ಫೋನ್ ಮಾಡಿದ್ರು. ಹೆಸರು ಹೇಳಲ್ಲ, ಈಗ ಅದು ಇಲ್ಲವೂ ಇಲ್ಲ. ಸಂಚಿಕೆಗೆ ಇಷ್ಟು ಅಂತ ದುಡ್ಡು ಕೊಡ್ತೀವಿ, ನಮ್ಮಲ್ಲಿ ಮಾತ್ರ ಹಾಕಬೇಕು ಅಂದ್ರು. ಹನ್ನೊಂದು ಪುಟದ ಪಿಡಿಎಫ್ ಕಳಿಸಿದ್ರು. ನಾನು, ಕಾಂಟ್ರಾಕ್ಟ್ ಕಾಯ್ದೆಯಲ್ಲಿ ಫಸ್ಟ್ ಕ್ಲಾಸ್ ತಗೊಂಡ ಬುದ್ಧಿವಂತ ಪ್ರಾಣಿ, ಮೊದಲ ಪುಟದ ಮೊತ್ತ ನೋಡಿ ಕೊನೆ ಪುಟಕ್ಕೆ ಹಾರಿ ಸಹಿ ಹಾಕಿದೆ. ನಡುವೆ ಎಲ್ಲೋ "ಶಾಶ್ವತವಾಗಿ, ವಿಶ್ವದಾದ್ಯಂತ" ಅಂತ ಇತ್ತು. ಆ ಎರಡು ಪದದ ತೂಕ ಆಮೇಲೆ ತಿಳೀತು. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡೋ ಪತ್ರದಲ್ಲಿ ಅವಧಿ ಹೇಳದಿದ್ರೆ ಅದು ಐದೇ ವರ್ಷ ಅಂತ, ಪ್ರದೇಶ ಹೇಳದಿದ್ರೆ ಭಾರತ ಮಾತ್ರ ಅಂತ ತಿಳಿಯಬೇಕು. ಅಂದ್ರೆ ಕಾಯ್ದೆ ನನ್ನ ಪರ ನಿಂತಿತ್ತು, ಆ ಎರಡು ಪದಕ್ಕೆ ಸಹಿ ಹಾಕಿ ನಾನೇ ಅದನ್ನ ಮನೆಗೆ ಕಳಿಸಿದ್ದೆ. 2012ರ ತಿದ್ದುಪಡಿ ಬಂದು ಸಿನಿಮಾ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಬಿಟ್ಟುಕೊಡಲಾಗದ ರಾಯಲ್ಟಿ ಹಕ್ಕು ಸಿಕ್ಕಿದೆ, ಅದು ದೊಡ್ಡ ವಿಷಯ. ರಗ್ಗಿನೊಳಗೆ ಕೂತು ಮಾತಾಡಿದವರ ರೆಕಾರ್ಡಿಂಗ್ ಯಾರದ್ದು ಅನ್ನೋದನ್ನ ಮಾತ್ರ ಆ ಪಿಡಿಎಫ್ಫೇ ತೀರ್ಮಾನಿಸುತ್ತೆ.

ಮೂವತ್ತಕ್ಕೂ ಹೆಚ್ಚು ಸಂಚಿಕೆ ಮಾಡಿದೆ. ಫೋನ್‌ನಲ್ಲಿ ಜಾಗ ಇಲ್ಲ ಅಂತ ಅಪ್‌ಲೋಡ್ ಆದ ತಕ್ಷಣ ಮೂಲ ಫೈಲ್ ಡಿಲೀಟ್ ಮಾಡ್ತಿದ್ದೆ. ಅಲ್ಲಿ ಇದೆಯಲ್ಲ ಅಂತ. ಒಂದು ದಿನ ಆ್ಯಪ್ ಮುಚ್ಚಿತು. ಒಂದು ಇಮೇಲ್ ಬಂತು, ಧನ್ಯವಾದ ಅಂತ. ಸಂಚಿಕೆಗಳ ಪ್ರತಿ ಕೊಡಿ ಅಂತ ಬರೆದೆ. ಎರಡನೇ ಸಲ ಬರೆದಾಗ ಮೇಲ್ ವಾಪಸ್ ಬಂತು, ಅಂಥ ವಿಳಾಸವೇ ಇಲ್ಲ ಅಂತ. ದುಡ್ಡಿನ ಬಗ್ಗೆ ಬೇಜಾರಿಲ್ಲ, ಕೊಡಬೇಕಾದ್ದು ಕೊಟ್ಟಿದ್ರು. ಹೆಚ್ಚಿನ ಸಂಚಿಕೆಗಳೂ ಹೋದ್ರೆ ಹೋಗಲಿ ಅನ್ನೋ ಹಾಗೇ ಇದ್ದವು, ನಿಜ ಹೇಳ್ತೀನಿ.

ಒಂದು ಮಾತ್ರ ಹಾಗಲ್ಲ. ಅದರಲ್ಲಿ ನಮ್ಮಜ್ಜಿ ಇದ್ದರು. ದಾವಣಗೆರೆಗೆ ನಾಟಕ ಕಂಪನಿ ಬಂದು ಟೆಂಟ್ ಹಾಕಿದಾಗ ನೋಡಿದ ನಾಟಕಗಳು, ಕದ್ದು ಹೋಗಿ ನೋಡಿ ಬಂದು ಬೈಸಿಕೊಂಡದ್ದು, ಆ ಹಾಡುಗಳು. ನಲವತ್ತು ನಿಮಿಷ. ನಡುನಡುವೆ ಅವರೇ ಹಾಡಿದ್ರು, ಪದ ಮರೆತಾಗ ತಾನನ ಅಂದ್ರು. ಅಜ್ಜಿ ಹೋಗಿ ಈಗ ಎರಡು ವರ್ಷ. ಆ ಧ್ವನಿಯ ಮಾಸ್ಟರ್, ನೀವು ಹಾಗೆ ಕರೀಬೇಕು ಅಂದ್ರೆ, ಕಾಗದದ ಮೇಲೆ ಇಲ್ಲದ ಕಂಪನಿಯೊಂದರ ಆಸ್ತಿ. ಫೈಲ್ ಯಾವ ಸರ್ವರ್‌ನಲ್ಲಿತ್ತೋ ಆ ಸರ್ವರ್ ಬಾಡಿಗೆ ಯಾರೂ ಕಟ್ಟಿರಲ್ಲ.

ಇಮೊಜನ್ ಹೀಪ್ ಮಿನಿಡಿಸ್ಕ್ ಕಥೆ ಓದಿದಾಗ ನನಗೆ ಮೊದಲು ಬಂದ ಯೋಚನೆ ಗ್ರ್ಯಾಮಿ ಅಲ್ಲ, ಡೆರುಲೊ ಅಲ್ಲ. ಆ ಡಿಸ್ಕ್ ಅವರ ಹತ್ರ ಇತ್ತಲ್ಲ, ಅನ್ನೋದು.

ಈಗ ನಾನು ಒಂದು ಟೆರಾಬೈಟಿನ ಹಾರ್ಡ್ ಡಿಸ್ಕ್ ಇಟ್ಕೊಂಡಿದೀನಿ, ಅದರ ಇನ್ನೊಂದು ಪ್ರತಿ ಊರಲ್ಲಿ ಅಪ್ಪನ ಬೀರುವಿನಲ್ಲಿ, ಮನೆಪತ್ರದ ಪಕ್ಕ. ಈ ವೆಬ್‌ಸೈಟಿನವರಿಗೆ ಈ ಬರಹರೂಪ ಕೊಡುವಾಗಲೂ ಎಷ್ಟು ವರ್ಷಕ್ಕೆ ಅಂತ ಕೇಳಿ ಬರೆಸ್ಕೊಂಡೆ. ಅವರು ನಕ್ಕರು, ಆದ್ರೆ ಬರೆದುಕೊಟ್ಟರು.

ಅಜ್ಜಿ ಸಂಚಿಕೆಯ ಪ್ರೋಮೋ ಒಂದನ್ನ ನಾನು ಆಗ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಚಿಕ್ಕಮ್ಮನ ಫೋನ್‌ನಲ್ಲಿ ಅದು ಉಳಿದಿತ್ತು, ಹೋದ ತಿಂಗಳು ಸಿಕ್ಕಿತು. ಮೂವತ್ತು ಸೆಕೆಂಡ್. ಅದನ್ನ ಈಗ ಹಾಕ್ತೀನಿ, ಇದಕ್ಕೆ ಯಾರ ಪರವಾನಗಿ ಬೇಕೋ ಬಂದು ಕೇಳಲಿ. ಓದ್ತಾ ಇರೋರಿಗೆ ಹೇಳಬೇಕಂದ್ರೆ, ಅದರಲ್ಲಿ ಮೊದಲು ಫ್ಯಾನಿನ ಸದ್ದು, ಆಮೇಲೆ ಅಜ್ಜಿ ಗಂಟಲು ಸರಿ ಮಾಡ್ಕೋತಾರೆ, "ಏನ್ ಹಾಡ್ಲಿ? ಇದು ಆನ್ ಆಗೇತೇನು?" ಅಂತಾರೆ, ನಾನು "ಹೂಂ, ಹಾಡಜ್ಜಿ" ಅಂತೀನಿ.